ಬ್ಯಾಂಕಿನ ಹೆಸರಲ್ಲಿ ಮೇಲ್ ಬಂದರೆ ಮೊದಲು ವಿಳಾಸ ಓದಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಅಡಿಕೆ ಕೃಷಿಕರು ಫೋನ್ ಹಿಡಿದುಕೊಂಡು ಬರುತ್ತಾರೆ. "ಇವತ್ತೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್" ಅಂತ ಮೇಲ್ ಬಂದಿರುತ್ತದೆ. ಗಾಬರಿ ಆಗದೆ ಇರುತ್ತದಾ? ಅಡಿಕೆ ಮಾರಿದ ದುಡ್ಡೆಲ್ಲ ಅಲ್ಲೇ ಅಲ್ವಾ.

ಕಳಿಸಿದವರ ಹೆಸರನ್ನು ಒತ್ತಿ, ಪೂರ್ತಿ ವಿಳಾಸ ನೋಡಿ. ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕೊನೆಯಲ್ಲಿ ಜಿಮೇಲ್ ಅಂತ ಇದ್ದರೆ ಅದು ಬ್ಯಾಂಕ್ ಅಲ್ಲವೇ ಅಲ್ಲ. ಸರಿ ಕಂಡರೂ ಪೂರ್ತಿ ನಂಬಬೇಡಿ, ವಿಳಾಸವನ್ನೂ ನಕಲು ಮಾಡುತ್ತಾರೆ.

ಲಿಂಕ್ ಒತ್ತಲೇಬೇಡಿ. ಕಂಪ್ಯೂಟರಿನಲ್ಲಾದರೆ ಮೌಸಿನ ಬಾಣವನ್ನು ಅದರ ಮೇಲೆ ಸುಮ್ನೆ ಇಡಿ, ನಿಜವಾದ ವಿಳಾಸ ಕಾಣುತ್ತದೆ. ಬ್ಯಾಂಕುಗಳ ವೆಬ್‌ಸೈಟ್ ‘.ಬ್ಯಾಂಕ್.ಇನ್’ಗೆ (.bank.in) ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಆ ಪದ ಸೈಟಿನ ಹೆಸರಿನ ಕೊನೆಗೇ ಇರಬೇಕು. ಅದರ ನಂತರ ಇನ್ನೊಂದು ಚುಕ್ಕಿ, ಇನ್ನೊಂದು ಹೆಸರು ಬಂದರೆ ಅದು ಮೋಸ.

ಒಟಿಪಿ, ಪಿನ್ ಕೇಳಿದರೆ ಮುಂದೆ ಓದುವುದೇ ಬೇಡ. ಸಂಶಯ ಇದ್ದರೆ ಮೇಲ್‌ನಲ್ಲಿರುವ ನಂಬರಿಗಲ್ಲ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡಿ.

ದುಡ್ಡು ಹೋಗಿದ್ದರೆ ದಯವಿಟ್ಟು ನಾಚಿಕೆಯಿಂದ ಮನೆಯಲ್ಲೇ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.