ಡಿಸ್ಚಾರ್ಜ್ ಕಾರ್ಡ್ ಕೈಲಿ ಹಿಡಿದು ಕೇಳಿದರೆ ನಿಜ ಹೊರಬರುವುದಿಲ್ಲ

ನಾನು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಗುಣಮಟ್ಟದ ಫೈಲು ನೋಡಿಕೊಳ್ಳುವ ಕೆಲಸವೂ ನನ್ನದೇ. ಎನ್‌ಕ್ವಾಸ್ ಅಂದರೆ ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟದ ಮಾನದಂಡ. ಅದರ ಪ್ರಕಾರ ಪ್ರತಿ ತಿಂಗಳು ರೋಗಿಗಳ ಅಭಿಪ್ರಾಯ ಕೇಳಿ, ಅಂಕ ಹಾಕಿ, ಲೆಕ್ಕ ಇಡಬೇಕು. ಒಂದರಿಂದ ಐದು ಅಂಕ. ಮೊದಮೊದಲು ನಮ್ಮ ಫಾರಂ ತುಂಬ ಬರೀ ನಾಲ್ಕು, ಐದು. ನನಗೂ ಖುಷಿಯಾಗಿತ್ತು.

ಕೇಳುತ್ತಿದ್ದ ರೀತಿ ಹೇಗಿತ್ತು ಅಂದರೆ, ಹೊರಗೆ ಆಟೋ ಕಾಯುತ್ತಿರುತ್ತದೆ. ಅತ್ತೆಯ ಕೈಯಲ್ಲಿ ಕೂಸು, ಬಾಣಂತಿಯ ಕೈಯಲ್ಲಿ ಫ್ಲಾಸ್ಕು, ಬಟ್ಟೆ ಗಂಟು. ಡಿಸ್ಚಾರ್ಜ್ ಕಾರ್ಡ್ ಇನ್ನೂ ನನ್ನ ಹತ್ತಿರವೇ ಇರುತ್ತದೆ. ಆಗ ನಾನು, 'ನಮ್ಮ ಸೇವೆ ಹೇಗಿತ್ತಮ್ಮ?' ಅನ್ನುತ್ತೇನೆ. 'ಎಲ್ಲಾ ಚೆನ್ನಾಗಿ ನೋಡ್ಕೊಂಡ್ರಿ ಸಿಸ್ಟರ್, ಎಲ್ಲಿ ಸೈನ್ ಹಾಕ್ಬೇಕು?' ಮತ್ತೇನು ಹೇಳುತ್ತಾರೆ ಪಾಪ?

ಹಾಗೆ ಐದಕ್ಕೆ ಐದು ಕೊಟ್ಟು ಹೋದ ಹುಡುಗಿಯೊಬ್ಬಳು ಒಂದೂವರೆ ತಿಂಗಳಿಗೆ ಮಗುವಿಗೆ ಲಸಿಕೆ ಹಾಕಿಸಲು ಬಂದಳು. ಮಾತ್ರೆ ತಗೊಳ್ತಿದೀಯಾ ಅಂತ ಸುಮ್ನೆ ಕೇಳಿದೆ. ಚೀಲದಿಂದ ಕವರ್ ತೆಗೆದು ತೋರಿಸಿದಳು. ಕಬ್ಬಿಣದ ಕೆಂಪು ಮಾತ್ರೆ, ಕ್ಯಾಲ್ಸಿಯಂನ ಬಿಳಿ ಮಾತ್ರೆ, ಎರಡೂ ಒಂದೇ ಕವರಿನಲ್ಲಿ. 'ಮರೀಬಾರದು ಅಂತ ಎರಡೂ ಒಟ್ಟಿಗೆ ನುಂಗಿಬಿಡ್ತೀನಿ ಅಕ್ಕ.' ಇವೆರಡನ್ನೂ ಒಟ್ಟಿಗೆ ತಗೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ನಡುವೆ ಎರಡು ಗಂಟೆಯಾದರೂ ಅಂತರ ಬೇಕು. ಹೆರಿಗೆಯಾದ ಮೇಲೆ 180 ದಿನ ನುಂಗಬೇಕಾದ ಮಾತ್ರೆ ಇದು. ಯಾರೂ ಹೇಳಲಿಲ್ವಾ ಅಂದೆ. 'ಹೇಳಿರಬೌದು. ಆವಾಗ ಮಗು ಅಳ್ತಿತ್ತು.'

ಅವತ್ತು ರಾತ್ರಿ ಅವಳ ಫಾರಂ ಹುಡುಕಿ ನೋಡಿದೆ. 'ಔಷಧಿ ಬಗ್ಗೆ ಮಾಹಿತಿ' ಅನ್ನುವ ಸಾಲಿನ ಮುಂದೆ ಐದು ಅಂತ ಇತ್ತು. ನನ್ನದೇ ಅಕ್ಷರ.

ಅಲ್ಲಿಂದ ಮೂರು ಬದಲಾವಣೆ ಮಾಡಿದೆವು. ಮನೆಗೆ ಹೋಗಿ ಒಂದು ವಾರ ಆದ ಮೇಲೆ ಫೋನಿನಲ್ಲಿ ಕೇಳುವುದು. ವಾರ್ಡಿನ ನರ್ಸ್ ಕೇಳದೆ, ಬೇರೆ ವಿಭಾಗದ ಆಪ್ತ ಸಮಾಲೋಚಕಿ ಕೇಳುವುದು. ಮೂರನೆಯದು ಪ್ರಶ್ನೆಯನ್ನೇ ಬದಲಾಯಿಸಿದ್ದು, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ. ಹೇಗಿತ್ತು ಅಂತ ಕೇಳುವುದು ಬಿಟ್ಟು, ಏನಾಯಿತು ಅಂತ ಕೇಳಿದೆವು. 'ಕೆಂಪು ಮಾತ್ರೆ ಯಾವಾಗ ತಗೊಳ್ತೀರಾ?' 'ರಾತ್ರಿ ಕರೆದಾಗ ಯಾರಾದರೂ ಬಂದ್ರಾ?' ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗಳ ಅನುಭವ ಕೇಳುವ ಎಚ್‌ಕ್ಯಾಪ್ಸ್ ಸಮೀಕ್ಷೆಯೂ ಹೀಗೇ ಇದೆ. ಬಿಡುಗಡೆಯಾಗಿ 48 ಗಂಟೆ ಕಳೆದ ಮೇಲೆ, ಆರು ವಾರದ ಒಳಗೆ ಕೇಳುತ್ತಾರೆ. ಅದರ ಒಂದು ಪ್ರಶ್ನೆ: ಹೊಸ ಔಷಧಿ ಕೊಡುವ ಮುಂಚೆ ಅದು ಯಾತಕ್ಕೆ ಅಂತ ಎಷ್ಟು ಸಲ ಹೇಳಿದರು? ಯಾವಾಗಲೂ, ಸಾಮಾನ್ಯವಾಗಿ, ಕೆಲವು ಸಲ, ಇಲ್ಲವೇ ಇಲ್ಲ. ಉತ್ತರಗಳು ಇಷ್ಟೇ.

ಫೋನ್ ಮಾಡುವುದೂ ಸುಲಭವಾಗಿರಲಿಲ್ಲ. ನಾವು ಬರೆದುಕೊಂಡ ನಂಬರ್ ಬಹಳ ಸಲ ಗಂಡನದು. ಹಗಲು ಮಾಡಿದರೆ ಅವರು ಹೊಲದಲ್ಲೋ ಕೆಲಸದಲ್ಲೋ ಇರುತ್ತಾರೆ, ಹೆಂಡತಿಯ ಪರವಾಗಿ ಅವರೇ ಉತ್ತರ ಹೇಳಿಬಿಡುತ್ತಾರೆ. ರೋಗಿಗಳ ಅಭಿಪ್ರಾಯ ಕೇಳಲು ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ 'ಮೇರಾ ಅಸ್ಪತಾಲ್' ಎಸ್ಸೆಮ್ಮೆಸ್ ಕೂಡ ಹೋಗುವುದು ಆ ನಂಬರಿಗೇ ಅಲ್ವಾ? ಅದಕ್ಕೇ ಸಂಜೆ ಹೊತ್ತು ಮಾಡಿ, 'ಸ್ವಲ್ಪ ಬಾಣಂತಿ ಕೈಗೆ ಕೊಡಿ ಅಣ್ಣ' ಅನ್ನುವುದನ್ನು ರೂಢಿ ಮಾಡಿಕೊಂಡೆವು. ತೀರಾ ಸಿಗದವರನ್ನು ಲಸಿಕೆಯ ದಿನ ಮಾತಾಡಿಸಿದೆವು.

ನಮ್ಮ ಅಂಕ ಇಳಿಯಿತು. ಯಾಕೆ ಇಳೀತು ಅಂತ ಮೇಲಿನವರು ಕೇಳಿದರು. ಸೇವೆ ಕೆಟ್ಟಿಲ್ಲ, ಈಗಷ್ಟೇ ಸರಿಯಾಗಿ ಅಳೆಯುತ್ತಿದ್ದೇವೆ ಅಂದೆ. ಅದನ್ನು ಒಪ್ಪಿಸೋಕೆ ಫೋನಿನಲ್ಲಿ ಬಂದ ಉತ್ತರಗಳನ್ನು ಒಂದೊಂದಾಗಿ ಓದಿ ಹೇಳಬೇಕಾಯಿತು.

ಈಗ ಮಾತ್ರೆಯ ವಿಷಯವನ್ನು ಹೊರಡುವ ಗಡಿಬಿಡಿಯಲ್ಲಿ ಹೇಳುವುದಿಲ್ಲ. ಹಿಂದಿನ ದಿನ ಸಂಜೆ, ಮಗು ಮಲಗಿದಾಗ, ಮಂಚದ ಹತ್ತಿರ ಕೂತು ಹೇಳುತ್ತೇವೆ. ಕೆಂಪಿಗೊಂದು ಕವರ್, ಬಿಳಿಗೊಂದು ಕವರ್. ಮೇಲೆ ಪೆನ್ನಿನಲ್ಲಿ ಸೂರ್ಯ, ಚಂದ್ರನ ಗುರುತು. ಆಮೇಲೆ 'ಈಗ ನೀನೇ ಒಂದ್ಸಲ ಹೇಳು ನೋಡೋಣ' ಅನ್ನುತ್ತೇವೆ. ಫೋನ್ ಮಾಡಿದಾಗ ಮಾತ್ರೆಯ ಹೊತ್ತನ್ನು ತಟ್ಟನೆ ಹೇಳುವವರು ಜಾಸ್ತಿಯಾಗಿದ್ದಾರೆ.

ಇನ್ನೊಂದು ಪ್ರಶ್ನೆ ಸೇರಿಸುವುದಿದೆ: 'ಯಾರಾದರೂ ದುಡ್ಡು ಕೇಳಿದ್ರಾ?' ಇದರ ಬಗ್ಗೆ ವಾರ್ಡಿನಲ್ಲಿ ಎರಡು ಮೀಟಿಂಗ್ ಆಗಿದೆ, ಇನ್ನೂ ತೀರ್ಮಾನ ಆಗಿಲ್ಲ. ಸೇರಿಸಲೇಬೇಕು ಅಂತ ನಾನು ಬರೆದುಕೊಟ್ಟಿದ್ದೇನೆ.