ನೀರು ಚೆಲ್ಲದೆ ಪೂಲ್‌ನ ಪಾಚಿ ತೆಗೆದೆ: ನನ್ನ ಅನುಭವ

ಏಪ್ರಿಲ್ ಕೊನೆಯಲ್ಲಿ ನಮ್ಮ ಲೈನಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಕರೆಂಟ್ ಹೋಯಿತು. ಹೊಸದು ಬರುವ ಹೊತ್ತಿಗೆ ಒಂಬತ್ತು ದಿನ. ಅಡುಗೆಗೆ, ಸ್ನಾನಕ್ಕೆ ಹೇಗೋ ನೀರು ಹೊಂದಿಸಿಕೊಂಡೆವು. ಆದರೆ ಹಿತ್ತಲಿನ ಸ್ವಿಮ್ಮಿಂಗ್ ಪೂಲ್‌ನ ಮೋಟರ್ ಅಷ್ಟೂ ದಿನ ನಿಂತೇ ಇತ್ತು. ನಾಲ್ಕನೇ ದಿನ ಏಣಿಯ ಹಿಂದೆ, ನೆರಳು ಬೀಳುವ ಗೋಡೆಯಲ್ಲಿ ಪಾಚಿ ಜಾರತೊಡಗಿತು. ಒಂಬತ್ತನೇ ದಿನಕ್ಕೆ ಎರಡನೇ ಮೆಟ್ಟಿಲೂ ಕಾಣದಷ್ಟು ಹಸಿರು.

ಮನೆ ಇರುವುದು ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಕಡೆ ಹೋಗುವ ದಾರಿಯ ದ್ರಾಕ್ಷಿ ತೋಟಗಳ ನಡುವೆ. ಪೂಲ್ 20 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 4 ಅಡಿ ಆಳ. 800 ಘನ ಅಡಿ, ಅಂದರೆ ಸುಮಾರು 22,600 ಲೀಟರ್. ನಿಮ್ಮ ಪೂಲ್‌ನದ್ದೂ ಮೊದಲು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ, ಮುಂದೆ ಏನೇ ಹಾಕಿದರೂ ಅದರ ಮೇಲೇ ಅಳತೆ.

ನೋಡಿದವರೆಲ್ಲ ನೀರು ಖಾಲಿ ಮಾಡಿ ಹೊಸದಾಗಿ ತುಂಬಿಸಿ ಅಂದರು. ನನಗೆ ಮನಸ್ಸು ಬರಲಿಲ್ಲ. ನಂದಿ ಬೆಟ್ಟದ ಸುತ್ತ ಹುಟ್ಟುವ ಪಿನಾಕಿನಿ, ಅರ್ಕಾವತಿ ಯಾವುದೂ ವರ್ಷಪೂರ್ತಿ ಹರಿಯುವುದಿಲ್ಲ, ಇರುವುದೆಲ್ಲ ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು. ಅದನ್ನು ಮೋರಿಗೆ ಬಿಡುವುದು ಹೇಗೆ? ಪಕ್ಕದ ತೋಟದ ಅಣ್ಣ ಬೇರೆ ದಾರಿ ಹೇಳಿದರು. "ಒಂದು ಕೇಜಿ ಮೈಲುತುತ್ತ ಕರಗಿಸಿ ಹಾಕ್ಬಿಡಮ್ಮ, ಬೆಳಗ್ಗೆ ಹೊತ್ತಿಗೆ ಪಾಚಿ ಸತ್ತಿರುತ್ತೆ." ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಸೇರಿಸಿ ಹೊಡೆದ ಅನುಭವ ಅವರದು. ಪಾಚಿ ಸಾಯುವುದೂ ನಿಜ. ಆದರೆ ಮೈಲುತುತ್ತದಲ್ಲಿರುವ ತಾಮ್ರ ನೀರಲ್ಲೇ ಉಳಿದು ಗೋಡೆಗೆ ಕಲೆ ಹಿಡಿಸುತ್ತದೆ, ಮಕ್ಕಳು ಆ ನೀರನ್ನು ಬಾಯಿಗೂ ಹಾಕಿಕೊಳ್ಳುತ್ತಾರೆ. ಬೇಡ ಅಣ್ಣ ಅಂದೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಮನೆಯಲ್ಲಿದ್ದ ಬ್ಲೀಚಿಂಗ್ ಪೌಡರ್ ಒಂದೊಂದು ಕೇಜಿ, ಎರಡು ದಿನ, ಬೆಳಗ್ಗೆ ಹತ್ತು ಗಂಟೆಗೆ ಸುರಿದೆ. ಸಂಜೆ ನೀರು ಪರೀಕ್ಷಿಸುವ ಕಿಟ್‌ನ ಹಳದಿ ಡ್ರಾಪ್ಸ್ (ಕ್ಲೋರಿನ್ ನೋಡುವುದು) ಹಾಕಿದರೆ ಬಣ್ಣವೇ ಬರಲಿಲ್ಲ, ಅಂದರೆ ಕ್ಲೋರಿನ್ ಸೊನ್ನೆ. ಪೌಡರ್ ಹಳೆಯದು, ಬಿಸಿಲು ಬೇರೆ ಕ್ಲೋರಿನ್ ಅನ್ನು ಕೆಲವೇ ಗಂಟೆಯಲ್ಲಿ ತಿಂದುಹಾಕುತ್ತದೆ. ಅದರಲ್ಲಿರುವ ಸುಣ್ಣ ಮಾತ್ರ ನೀರಿನಲ್ಲೇ ಉಳಿಯಿತು. ಹಸಿರಿನ ಜೊತೆಗೆ ಈಗ ಹಾಲು ಕಲಸಿದ ಹಾಗೆ ಬಿಳುಪು.

ಆಮೇಲೆ ಅದೇ ಕಿಟ್‌ನ ಕೆಂಪು ಡ್ರಾಪ್ಸ್ ಹಾಕಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ ನೋಡಿದೆ. ಚಾರ್ಟಿನ ಕೊನೆಯ ಬಣ್ಣ, 8.2. ನನ್ನ ಪ್ರಕಾರ ನಮ್ಮ ಕಡೆಯ ಪೂಲ್‌ಗಳ ಅರ್ಧ ಕಷ್ಟ ಇಲ್ಲೇ ಇದೆ. ಗೀಜರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವ ಗಡಸು ನೀರು ಇದು. ಬೋರ್‌ನಿಂದ ಬಂದ ತಕ್ಷಣ ನೋಡಿದರೆ ಪಿಎಚ್ ಅಷ್ಟೇನೂ ಇರುವುದಿಲ್ಲ. ಅದರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ನಾಲ್ಕು ದಿನದಲ್ಲಿ ಗಾಳಿಗೆ ಹೋದ ಮೇಲೆ ತಾನಾಗಿಯೇ ಏರುತ್ತದೆ. ಪಿಎಚ್ 7.2 ಇದ್ದರೆ ಹಾಕಿದ ಕ್ಲೋರಿನ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪಾಚಿ ಕೊಲ್ಲುವ ರೂಪದಲ್ಲಿರುತ್ತದೆ, 8 ದಾಟಿದರೆ ಕಾಲು ಭಾಗವೂ ಇರುವುದಿಲ್ಲ. ಹಾಗಾಗಿ ಮೊದಲು ಪಿಎಚ್, ಆಮೇಲೆ ಕ್ಲೋರಿನ್. ಕ್ಲೋರಿನ್ ಜಾಸ್ತಿ ಇರುವಾಗ ಪಿಎಚ್ ಡ್ರಾಪ್ಸ್ ಸುಳ್ಳು ಬಣ್ಣ ತೋರಿಸುತ್ತದೆ, ಅದಕ್ಕೂ ಈ ಕ್ರಮವೇ ಸರಿ.

ಹೈಡ್ರೋಕ್ಲೋರಿಕ್ ಆಸಿಡ್ ತಂದೆ. ಬಕೆಟ್‌ನಲ್ಲಿ ಮೊದಲು ನೀರು, ಅದರ ಮೇಲೆ ಆಸಿಡ್, ಯಾವತ್ತೂ ಹೀಗೇ. ಅರ್ಧ ಲೀಟರ್ ಹಾಕಿ, ಮೋಟರ್ ಓಡಿಸಿ, ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡುವುದು. 7.2ಕ್ಕೆ ಬರಲು ಎರಡು ದಿನದಲ್ಲಿ ಒಟ್ಟು ಎರಡು ಲೀಟರ್ ಹಿಡಿಯಿತು. ದಯವಿಟ್ಟು ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್‌ಗೆ ತಾಗಿಸಬೇಡಿ, ಎರಡೂ ಸೇರಿದರೆ ಬರುವುದು ವಿಷದ ಗಾಳಿ. ಕ್ಲೋರಿನ್ ಮಾತ್ರೆಗೂ ಬ್ಲೀಚಿಂಗ್ ಪೌಡರ್‌ಗೂ ಆಗುವುದಿಲ್ಲ, ಬೆರೆತರೆ ಬೆಂಕಿ ಹತ್ತಬಹುದು. ನಾನು ಡಬ್ಬಗಳನ್ನೇ ಬೇರೆ ಬೇರೆ ಕಡೆ ಇಟ್ಟಿದ್ದೇನೆ.

ಇನ್ನು ಸುಣ್ಣ ಸೇರುವುದು ಬೇಡ ಎಂದು ಈ ಸಲ ಪೌಡರ್ ಬಿಟ್ಟು ಶೇಕಡಾ 10ರ ಸೋಡಿಯಂ ಹೈಪೋಕ್ಲೋರೈಟ್ (ನೀರಿನ ರೂಪದ ಕ್ಲೋರಿನ್, ಅಂಗಡಿಯಲ್ಲಿ ಹೈಪೋ ಅನ್ನುತ್ತಾರೆ) ತಂದೆ. ನನ್ನ ಪೂಲ್‌ನಲ್ಲಿ ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರಿಸಲು ಎರಡೂಕಾಲು ಲೀಟರ್ ಬೇಕು. ಹೊತ್ತು ಮುಳುಗಿದ ಮೇಲೆ ಹಾಕಿದೆ. ಹಾಕುವ ಮೊದಲು ಗೋಡೆ, ಮೆಟ್ಟಿಲಿನ ಮೂಲೆ, ಏಣಿಯ ಹಿಂದೆ ಎಲ್ಲಾ ಬ್ರಷ್ ಹಾಕಿ ತಿಕ್ಕಿದೆ, ಅಂಟಿಕೊಂಡ ಪಾಚಿಯ ಲೋಳೆ ಬಿಡದಿದ್ದರೆ ಕ್ಲೋರಿನ್ ಒಳಗೆ ಇಳಿಯುವುದೇ ಇಲ್ಲ ಅಲ್ವಾ. ಮೋಟರ್ ಹಗಲೂ ರಾತ್ರಿ ಓಡಿತು. ಸ್ಯಾಂಡ್ ಫಿಲ್ಟರ್ ತೊಳೆದಾಗ ಅದರ ಒತ್ತಡದ ಗೇಜ್ 10 ತೋರಿಸುತ್ತಿತ್ತು, 18 ದಾಟಿದ ಕೂಡಲೇ ಬ್ಯಾಕ್‌ವಾಶ್, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು. ಮೊದಲ ದಿನ ಮೂರು ಸಲ ಮಾಡಬೇಕಾಯಿತು.

ಮೂರು ರಾತ್ರಿ ಹೀಗೇ ಹೈಪೋ ಹಾಕಿದೆ. ಪಾಚಿ ನಿಜವಾಗಿ ಸತ್ತಿದೆಯಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕತ್ತಲಾದ ಮೇಲೆ ಕ್ಲೋರಿನ್ ಎಷ್ಟಿದೆ ನೋಡಿ, ಬಿಸಿಲು ಬರುವ ಮುಂಚೆ ಎದ್ದು ಮತ್ತೆ ನೋಡಿ. ರಾತ್ರಿ ಬಿಸಿಲಿಲ್ಲ, ಕಡಿಮೆಯಾದರೆ ತಿಂದದ್ದು ಪಾಚಿಯೇ. ಮೊದಲ ರಾತ್ರಿ ಪೂರ್ತಿ ಖಾಲಿಯಾಗಿತ್ತು, ಮೂರನೇ ರಾತ್ರಿ ಒಂದು ಪಿಪಿಎಂ ಕೂಡ ಇಳಿಯಲಿಲ್ಲ. ಡ್ರಾಪ್ಸ್ ಕಿತ್ತಳೆ ಬಣ್ಣಕ್ಕೆ ತಿರುಗಿ ಲೆಕ್ಕ ಸಿಗದಿದ್ದರೆ ಒಂದು ಪಾಲು ಪೂಲ್ ನೀರಿಗೆ ಮೂರು ಪಾಲು ಕ್ಯಾನ್ ನೀರು ಬೆರೆಸಿ ನೋಡಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ.

ಹಸಿರು ಹೋಯಿತು, ಬೂದು ಮಬ್ಬು ಉಳಿಯಿತು. ಅದು ಸತ್ತ ಪಾಚಿ ಮತ್ತು ನಾನೇ ಹಾಕಿದ ಸುಣ್ಣ, ಕ್ಲೋರಿನ್‌ಗೆ ಅದು ಬಗ್ಗುವುದಿಲ್ಲ. ಫಿಲ್ಟರ್ ಓಡಿಸುತ್ತಾ ಕಾದಿದ್ದರೂ ನಡೆಯುತ್ತಿತ್ತು. ನಾನು ಮುಕ್ಕಾಲು ಕೇಜಿ ಪಟಿಕ ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಹಾಕಿದೆ. ವಾಲ್ವ್ ಅನ್ನು ಫಿಲ್ಟರ್‌ಗೆ ಹೋಗದ ಹಾಗೆ ತಿರುಗಿಸಿ ಅರ್ಧ ಗಂಟೆ ನೀರು ತಿರುಗಿಸಿದೆ, ಆಮೇಲೆ ರಾತ್ರಿಯಿಡೀ ಮೋಟರ್ ಬಂದ್. ಬೆಳಗ್ಗೆ ತಳದಲ್ಲಿ ಹತ್ತಿ ಹಾಸಿದ ಹಾಗೆ ಕೂತಿತ್ತು. ಅದನ್ನು ಕಲಕದೆ, ತುಂಬಾ ನಿಧಾನವಾಗಿ ವ್ಯಾಕ್ಯೂಮ್ ಎಳೆದು ಫಿಲ್ಟರ್‌ಗೆ ಬಿಡದೆ ನೇರ ಹೊರಗೆ ಬಿಟ್ಟೆ. ನಾಲ್ಕು ಇಂಚು ನೀರು ಹೋಯಿತು, ಎರಡು ಸಾವಿರ ಲೀಟರ್ ಹತ್ತಿರ. ಪೂರ್ತಿ ಚೆಲ್ಲಿದ್ದರೆ ಅದರ ಹನ್ನೊಂದು ಪಟ್ಟು.

ಅವತ್ತು ಆಳದ ಕಡೆಯ ಜಾಲರಿಯ ಸ್ಕ್ರೂ ಮೇಲಿನಿಂದಲೇ ಎಣಿಸಿದೆ. ಮಗಳು ಕೇಳಿದರೂ ಇಳಿಸಲಿಲ್ಲ, ಕ್ಲೋರಿನ್ 3 ಪಿಪಿಎಂಗೆ ಇಳಿಯಲಿ ಎಂದು ಎರಡು ದಿನ ಕಾದೆ.

ಈಗ ಮಂಗಳವಾರ, ಶನಿವಾರ ಪಿಎಚ್ ನೋಡುತ್ತೇನೆ. ಕರೆಂಟ್ ಹೋದರೆ ಸುಮ್ನೆ ಕೂರುವುದಿಲ್ಲ. ಸಂಜೆ ಅರ್ಧ ಲೀಟರ್ ಹೈಪೋ ಸುತ್ತಲೂ ಹಾಕಿ, ಉದ್ದ ಕೋಲಿನ ಬ್ರಷ್‌ನಲ್ಲಿ ಗೋಡೆ ತಿಕ್ಕುತ್ತಾ ನೀರು ಕಲಕುತ್ತೇನೆ. ಜುಲೈನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ, ನೀರು ತಿಳಿಯಾಗಿಯೇ ಇತ್ತು.