ಹೂವಿದ್ದರೆ ಸಾಲದು: ಜೇನು, ಹಕ್ಕಿ ಬರುವಂಥ ಗಿಡ ಆರಿಸುವುದು ಹೀಗೆ

ತೋಟ ಮಾಡಿದ ಹೊಸದರಲ್ಲಿ ನಾನು ತಂದು ನೆಟ್ಟಿದ್ದು ಆರು ಗಿಡ. ಮುದ್ದೆಯಂತೆ ಸುತ್ತು ಸುತ್ತಾಗಿ ಎಸಳಿದ್ದ ದಾಸವಾಳ, ಗೇಟಿನ ಪಕ್ಕಕ್ಕೆ ಬೋಗನ್‌ವಿಲ್ಲಾ, ಒಂದು ದೇವಕಣಗಿಲೆ, ಬೇರೆ ಬೇರೆ ಬಣ್ಣದ ಎರಡು ಕ್ರೋಟನ್. ನೋಡೋಕೆ ಚೆಂದವೋ ಚೆಂದ. ಆದರೆ ಆ ಐದರ ಹತ್ತಿರ ಒಂದು ಜೇನೂ ಸುಳಿಯಲಿಲ್ಲ. ಆರನೆಯದು ಯಾರೋ ಸುಮ್ನೆ ಕೊಟ್ಟ ಕಾಮಕಸ್ತೂರಿ ಸಸಿ. ಅದು ತೆನೆ ಬಿಟ್ಟ ದಿನದಿಂದ ಬಿಸಿಲು ಏರುವ ಹೊತ್ತಿಗೆ ಅದರ ಸುತ್ತ ಗುಂಯ್ ಅನ್ನುವ ಸದ್ದು.

ಐದು ಗಿಡ ನಾನು ಆರಿಸಿದ್ದು ನನ್ನ ಕಣ್ಣಿಗೆ. ಬರುವವರಿಗೆ ಅಲ್ಲಿ ಊಟ ಇರಲಿಲ್ಲ, ಅಷ್ಟೇ. ಜೇನಿಗೂ ಹಕ್ಕಿಗೂ ಬೇಕಾದ್ದು ಎರಡು ಸಂಗತಿ. ಈ ಗಿಡದಲ್ಲಿ ಹೊಟ್ಟೆಗೆ ಏನಾದರೂ ಸಿಗಬೇಕು. ಮುಂದಿನ ತಿಂಗಳೂ ಇಲ್ಲೇ ಎಲ್ಲಾದರೂ ಸಿಗಬೇಕು. ಈ ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು: 12 ಮನೆಗಳ ಒಂದು ಹಾಳೆ

ನರ್ಸರಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಂಡು 12 ಮನೆ ಬರೆಯಿರಿ, ತಿಂಗಳಿಗೆ ಒಂದು. ಪ್ರತಿ ಮನೆಯಲ್ಲೂ ಎರಡು ಸಾಲು: ಹೂವು, ಹಣ್ಣು. ಈಗ ನಿಮ್ಮ ತೋಟದಲ್ಲಿ ಏನಿದೆಯೋ ಅದನ್ನು ತುಂಬಿ. ಅಷ್ಟಕ್ಕೇ ನಿಲ್ಲಬೇಡಿ. ಬೇಲಿಯಾಚೆ ಕಾಣುವ ಮರಗಳನ್ನೂ ಸೇರಿಸಿ. ಊಟ ಹುಡುಕಿಕೊಂಡು ಒಂದೆರಡು ಕಿಲೋಮೀಟರ್ ಹಾರುವುದು ಹುಟ್ಟುಜೇನಿಗೆ ಮಾಮೂಲು. ಅದಕ್ಕೆ ನಿಮ್ಮ ಬೇಲಿ ಲೆಕ್ಕಕ್ಕಿಲ್ಲ. ಪಕ್ಕದವರ ಹೊಂಗೆ ಬೇಸಿಗೆಯಲ್ಲಿ ಮೈತುಂಬಾ ಅರಳುತ್ತದೆ ಅಂದರೆ ನೀವೂ ಹೊಂಗೆ ನೆಡಬೇಕಿಲ್ಲ. ಆ ಮನೆ ತುಂಬಿತು.

ಹೀಗೆ ತುಂಬಿದ ಮೇಲೆ ಕೆಲವು ಮನೆ ಕಿಕ್ಕಿರಿದಿರುತ್ತವೆ, ಕೆಲವು ಖಾಲಿ. ನೀವು ಗಿಡ ತರಬೇಕಾದ್ದು ಖಾಲಿ ಮನೆಗೆ.

ಬಿಸಿ ಸೀಮೆಯಲ್ಲಿ ಮಾವು, ಹೊಂಗೆ, ಬೇವು ಎಲ್ಲವೂ ಹೆಚ್ಚುಕಡಿಮೆ ಚಳಿ ಮುಗಿದು ಬಿಸಿಲೇರುವ ಹೊತ್ತಿಗೇ ಹೂ ಬಿಡುತ್ತವೆ. ಆಗ ಜೇನಿಗೆ ಹಬ್ಬ. ಆಮೇಲೆ ಮಳೆ ಹಿಡಿಯಿತು ಅನ್ನಿ, ಹೂವೂ ಕಡಿಮೆ, ಇದ್ದ ಮಕರಂದವೂ ನೀರುನೀರು. ಜೇನಿಗೆ ನಿಜವಾದ ಕಷ್ಟ ಆಗ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುವ ನುಗ್ಗೆ, ತೆನೆ ಚಿವುಟಿದಷ್ಟೂ ಚಿಗುರುವ ತುಳಸಿ ಜಾತಿಯವು, ಮಳೆ ಮುಗಿದ ಮೇಲೆ ಅರಳುವ ಅಂಟುವಾಳ, ಇಂಥವು ಮಳೆಗಾಲದ, ಅದರ ಬೆನ್ನಿಗೇ ಬರುವ ಖಾಲಿ ಮನೆಗಳಿಗೆ ಸರಿಹೋಗುತ್ತವೆ. ಚಳಿ ಸೀಮೆಯಲ್ಲಿ ತೊಂದರೆ ವರ್ಷದ ಎರಡು ತುದಿಯಲ್ಲಿ. ಅಲ್ಲಿ ಹಿಮ ಕರಗುತ್ತಿದ್ದ ಹಾಗೇ ಅರಳುವ ವಿಲ್ಲೋ ಮರ, ಎಲ್ಲ ಮುಗಿದ ಮೇಲೆ ಶರತ್ಕಾಲದಲ್ಲಿ ಅರಳುವ ಐವಿ ಬಳ್ಳಿ, ಇವೆರಡಕ್ಕೆ ಸೇಬು, ಚೆರ‍್ರಿಗಿಂತ ಜಾಸ್ತಿ ಬೆಲೆ ಕೊಡಬೇಕು. ಐವಿಯ ಹಣ್ಣು ಚಳಿಗಾಲದಲ್ಲಿ ಹಕ್ಕಿಗೂ ಆಗುತ್ತದೆ.

ಎರಡನೆಯದು: ಹೂವಿನ ನಡು ನೋಡಿ

ಜೇನಿನ ಕಣ್ಣು ನಮ್ಮ ಕಣ್ಣಿನಂತಲ್ಲ. ಜೇನಿಗೆ ಬಣ್ಣ ಕಾಣುತ್ತದೆ ಎಂದು 1914ರಲ್ಲಿ ತೋರಿಸಿಕೊಟ್ಟವರು ಆಸ್ಟ್ರಿಯಾದ ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಬೂದು ಕಾಗದಗಳ ನಡುವೆ ಒಂದು ನೀಲಿ ಕಾಗದ ಇಟ್ಟು, ಅದರ ಮೇಲೆ ಸಕ್ಕರೆ ನೀರು ಇಟ್ಟು ಜೇನುಗಳಿಗೆ ರೂಢಿ ಮಾಡಿಸಿದರು. ಆಮೇಲೆ ಸಕ್ಕರೆ ನೀರು ತೆಗೆದರೂ ಅವು ನೀಲಿ ಕಾಗದಕ್ಕೇ ಬಂದು ಇಳಿದವು. ಊಟ ಎಲ್ಲಿದೆ ಎಂದು ಜೊತೆಯವಕ್ಕೆ ತಿಳಿಸುವ ಜೇನಿನ ಕುಣಿತದ ಗುಟ್ಟು ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರೂ ಇವರೇ. ಜೇನಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ನಮಗೆ ಕಾಣದ ಅತಿನೇರಳೆ ಬಣ್ಣವೂ ಕಾಣುತ್ತದೆ. ನಮಗೆ ಬರೀ ಹಳದಿಯಾಗಿ ಕಾಣುವ ಎಷ್ಟೋ ಹೂಗಳಲ್ಲಿ ಮಕರಂದದ ಕಡೆ ದಾರಿ ತೋರುವ ಗೆರೆಗಳಿರುತ್ತವೆ, ಜೇನಿಗೆ ಮಾತ್ರ. ಕೆಂಪು ಮಾತ್ರ ಅದಕ್ಕೆ ಹೆಚ್ಚುಕಡಿಮೆ ಕಪ್ಪು. ಹಾಗಂತ ಕೆಂಪು ಹೂವಿಗೆ ಜೇನು ಬರುವುದೇ ಇಲ್ಲ ಎಂದಲ್ಲ. ಆದರೆ ಕೆಂಪು ಬಣ್ಣ ಮುಖ್ಯವಾಗಿ ಹಕ್ಕಿಗೆ ಕೊಟ್ಟ ಕರೆ.

ಬಣ್ಣಕ್ಕಿಂತ ಆಕಾರ ಮುಖ್ಯ. ಸುತ್ತು ಸುತ್ತಿನ ಹೂವಿನಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಪರಾಗ ಇಲ್ಲ, ಮಕರಂದ ಇದ್ದರೂ ಒಳಗೆ ಹೋಗಲು ದಾರಿ ಇಲ್ಲ. ನನ್ನ ಮೊದಲ ದಾಸವಾಳದ ಕಥೆ ಇದೇ. ನರ್ಸರಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ: ಹೂವಿನ ನಡುವಿಗೆ ಬೆರಳ ತುದಿ ತಾಗಿಸಿ. ಹಳದಿ ಪುಡಿ ಅಂಟಿತಾ? ತನ್ನಿ. ಬರೀ ಎಸಳೇ ಸಿಕ್ಕಿತಾ? ಅದು ನಿಮ್ಮ ಕಣ್ಣಿಗೆ ಮಾತ್ರ. ಬೋಗನ್‌ವಿಲ್ಲಾದ ಬಣ್ಣವಂತೂ ಎಸಳೂ ಅಲ್ಲ, ಎಲೆ. ನಿಜವಾದ ಹೂವು ನಡುವೆ ಇರುವ ಸಣ್ಣ ಬಿಳಿ ಕೊಳವೆ. ಇನ್ನು ದೇವಕಣಗಿಲೆ ಶುದ್ಧ ಮೋಸಗಾರ. ರಾತ್ರಿ ಘಮಘಮ ಎಂದು ಪತಂಗಗಳನ್ನು ಕರೆಯುತ್ತದೆ, ಆದರೆ ಒಳಗೆ ಮಕರಂದವೇ ಇಲ್ಲ!

ವಾಸನೆ ನೋಡಿಯೂ ಮೋಸ ಹೋಗಬೇಡಿ. ಸಂಜೆ ಮೇಲೆ ಅರಳಿ ಘಮ್ಮೆನ್ನುವ ಬಿಳಿ ಹೂಗಳು, ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ, ಹೆಚ್ಚಾಗಿ ಪತಂಗಗಳಿಗಾಗಿ ಇರುವವು. ಇರಲಿ, ಬೇಡ ಅನ್ನುವುದಿಲ್ಲ. ಜೇನಿನ ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಜೇನಿಗೆ ಹಿತವಾಗುವುದು ಸಣ್ಣ ಸಣ್ಣ ಹೂಗಳ ಗೊಂಚಲು. ಯುರೋಪಿನ ಸಾಕುಜೇನಿನ ನಾಲಗೆಯೇ ಸುಮಾರು 6ರಿಂದ 7 ಮಿಲಿಮೀಟರ್. ಉದ್ದ ಕೊಳವೆಯ ತಳಕ್ಕೆ ಅದು ಮುಟ್ಟುವುದಿಲ್ಲ. ನೇರಳೆ, ನುಗ್ಗೆ, ಕರಿಬೇವು, ನಿಂಬೆ, ರೋಸ್‌ಮೆರಿ, ಲ್ಯಾವೆಂಡರ್, ಎಲ್ಲವೂ ತೆರೆದ ತಟ್ಟೆಯಲ್ಲಿ ಬಡಿಸಿದ ಹಾಗೆ.

ಜೇನು ಅಂದರೆ ಹುಟ್ಟು ಕಟ್ಟುವ ತುಡುವೆ, ಹೆಜ್ಜೇನು ಮಾತ್ರ ಅಲ್ಲ. ಲೋಕದಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಅವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುವಂಥವು. ಕಪ್ಪಗೆ ದಪ್ಪಗಿರುವ ದುಂಬಿಯನ್ನು ನೋಡಿದ್ದೀರಲ್ಲ, ಅದೂ ಜೇನಿನ ಒಂದು ಜಾತಿಯೇ. ಅದು ಬದನೆ, ಟೊಮೆಟೊ, ತಂಗಡಿ ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುತ್ತದೆ. ಆ ಹೂಗಳ ಪರಾಗ ಸಣ್ಣ ತೂತಿರುವ ಚೀಲದೊಳಗಿರುತ್ತದೆ. ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರೇ ಉದುರುವುದು. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಅದಕ್ಕೇ ತೋಟದಲ್ಲಿ ಒಂದಾದರೂ ತಂಗಡಿ ಪೊದೆ ಇರಲಿ ಅನ್ನುತ್ತೇನೆ.

ಮೂರನೆಯದು: ಹಕ್ಕಿಗೆ ಮೂರು ಬಗೆಯ ಊಟ

ಮಕರಂದ ಸುಲಭ. ಕೆಂಪು, ಕಿತ್ತಳೆ ಬಣ್ಣದ, ಗಟ್ಟಿ ತೊಟ್ಟಿನ ಹೂಗಳನ್ನು ಆರಿಸಿ: ಒಂಟಿ ಸುತ್ತಿನ ದಾಸವಾಳ, ಹಾಲವಾಣ, ಮುತ್ತುಗ, ಬಾಟಲ್ ಬ್ರಷ್. ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ನಮ್ಮ ಸೂರಕ್ಕಿ ಹೆಚ್ಚಾಗಿ ಕೂತು ಕುಡಿಯುವ ಹಕ್ಕಿ, ಅದಕ್ಕೆ ಹೂವಿನ ಪಕ್ಕದಲ್ಲಿ ಕೂರಲು ಕಡ್ಡಿ ಬೇಕು. ಕೊಕ್ಕು ಎಟುಕದ ದೊಡ್ಡ ಹೂವಾದರೆ ಬುಡದಲ್ಲಿ ತೂತು ಮಾಡಿ ಕದ್ದು ಕುಡಿಯುತ್ತದೆ. ನಾನು ಇದನ್ನು ಕಳ್ಳತನ ಅಂತ ಬೈಯುವುದಿಲ್ಲ, ನೋಡಲು ಮಜವಾಗಿರುತ್ತದೆ.

ಹಣ್ಣಿನಲ್ಲಿ ನೋಡಬೇಕಾದ್ದು ಗಾತ್ರ. ಪಿಕಳಾರದ ಬಾಯಿಗೆ ಇಡಿಯಾಗಿ ಹೋಗುವಂಥ ಹಣ್ಣು ಬೇಗ ಖಾಲಿಯಾಗುತ್ತದೆ. ಒಂದೇ ಮರ ನೆಡಲು ಜಾಗವಿದೆ ಅಂದರೆ ಬಿಸಿ ಸೀಮೆಯವರಿಗೆ ನಾನು ಹೇಳುವುದು ಗಸಗಸೆ ಹಣ್ಣಿನ ಮರ. ಹೊರಗಿನಿಂದ ಬಂದದ್ದು ನಿಜ. ಆದರೆ ಎರಡು ವರ್ಷದೊಳಗೇ ಹಣ್ಣು, ಅದೂ ಹೆಚ್ಚುಕಡಿಮೆ ವರ್ಷವಿಡೀ. ಬಿಳಿ ಹೂವಿಗೆ ಜೇನು, ಕೆಂಪು ಹಣ್ಣಿಗೆ ಪಿಕಳಾರ, ರಾತ್ರಿ ಬಾವಲಿ. ಕೊಂಬೆ ಮಾತ್ರ ಮೆದು, ಗಾಳಿಗೆ ಮುರಿಯುತ್ತದೆ. ಜಾಗ ವಿಶಾಲವಾಗಿದ್ದರೆ ನೇರಳೆ. ಇನ್ನೂ ವಿಶಾಲವಾಗಿದ್ದರೆ ಅತ್ತಿ, ಆಲದ ಜಾತಿಯ ಮರ. ಇವು ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ, ಒಂದೊಂದು ಮರಕ್ಕೆ ಒಂದೊಂದು ಕಾಲ. ಹಾಗಾಗಿ ಬೇರೆ ಹಣ್ಣಿಲ್ಲದ ದಿನಗಳಲ್ಲೂ ಕುಟ್ರು ಹಕ್ಕಿಗೆ, ಕೋಗಿಲೆಗೆ ಎಲ್ಲೋ ಒಂದು ಕಡೆ ಊಟ ಇದ್ದೇ ಇರುತ್ತದೆ. ಆದರೆ ಗೋಡೆ, ನೀರಿನ ಪೈಪಿನ ಹತ್ತಿರ ಆಲ, ಅರಳಿ ಬೇಡವೇ ಬೇಡ. ಬೇರು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ಚಳಿ ಸೀಮೆಯ, ಕೆಂಪು ಹಣ್ಣಿನ ಹಾಲಿ (holly) ಗಿಡದಂಥ ಕೆಲವು ಗಿಡಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂಟಿ ಗಂಡು ಗಿಡ ತಂದು ವರ್ಷಗಟ್ಟಲೆ ಹಣ್ಣಿಗೆ ಕಾದವರುಂಟು. ಕೇಳಿ ತನ್ನಿ. ಕುಂಡ ಒಂದೇ ಇರುವವರಿಗೆ ಸೂಜಿಮೆಣಸಿನ ಗಿಡ ಒಳ್ಳೆಯದು. ಮೆಣಸಿನ ಖಾರ ಹಕ್ಕಿಗೆ ತಟ್ಟುವುದೇ ಇಲ್ಲ. ಅವು ತಿಂದು ಬೀಜ ಬೇರೆ ಕಡೆ ಹಾಕುತ್ತವೆ. ಇನ್ನು, ನಿಮ್ಮ ಮರದಲ್ಲಿ ಒಂದೆರಡು ಬದನಿಕೆ (ಮರದ ಕೊಂಬೆಗೇ ಬೇರೂರಿ ಬೆಳೆಯುವ ಪರಾವಲಂಬಿ ಗಿಡ) ಗಂಟು ಕಂಡರೆ ಎಲ್ಲವನ್ನೂ ಕಡಿಯುವ ಮುಂಚೆ ಸ್ವಲ್ಪ ಯೋಚಿಸಿ. ಅದರ ಹಣ್ಣನ್ನೇ ನಂಬಿದ ಪುಟ್ಟ ಹಕ್ಕಿಯ ಹೆಸರೇ ಬದನಿಕೆ ಹಕ್ಕಿ. ಮರ ಸೊರಗುವಷ್ಟು ಹಬ್ಬಿದ್ದರೆ ಕಡಿಯಲೇಬೇಕು, ಅದು ಬೇರೆ ಮಾತು.

ಮೂರನೆಯ ಊಟ ಹುಳು. ಇದನ್ನು ಯಾರೂ ತೋಟದ ಲೆಕ್ಕದಲ್ಲಿ ಬರೆಯುವುದಿಲ್ಲ. ಮಕರಂದ ಕುಡಿಯುವ, ಕಾಳು ಹೆಕ್ಕುವ ಹಕ್ಕಿಗಳಲ್ಲೂ ಹೆಚ್ಚಿನವು ಮರಿಗೆ ಕೊಡುವುದು ಮೆತ್ತಗಿನ ಹುಳುವನ್ನೇ. ಉತ್ತರ ಅಮೆರಿಕದ ಚಿಕಡೀ ಎಂಬ ಅಂಗೈಯಗಲದ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಹುಳು ತರಬೇಕಾಗುತ್ತದೆ ಎಂಬ ಲೆಕ್ಕವಿದೆ. ಅಷ್ಟು ಹುಳು ಬರಬೇಕಾದರೆ ಎಲೆ ತಿನ್ನಿಸಿಕೊಳ್ಳುವ ಗಿಡ ಬೇಕು. ಆಯಾ ಸೀಮೆಯ ಹುಳುಗಳು ಆಯಾ ಸೀಮೆಯ ಗಿಡಗಳಿಗೇ ಒಗ್ಗಿಕೊಂಡಿರುತ್ತವೆ. ಊರ ಗಿಡಕ್ಕೆ ಮೊದಲ ಮಣೆ ಅನ್ನಲು ನನಗೆ ಇದೇ ದೊಡ್ಡ ಕಾರಣ. ಕರಿಬೇವು, ನಿಂಬೆಯ ಎಲೆಯಲ್ಲಿ ಚಿಟ್ಟೆ ಹುಳು ತೂತು ಕೊರೆದಿದ್ದರೆ ಬೇಸರ ಬೇಡ. ಸಿಂಪಿಗ ಹಕ್ಕಿ ಅದನ್ನು ಆಗಲೇ ನೋಡಿಟ್ಟಿರುತ್ತದೆ.

ನಾಲ್ಕನೆಯದು: ತರಬಾರದ್ದು

ಲಂಟಾನಕ್ಕೆ ಚಿಟ್ಟೆಯೂ ಬರುತ್ತದೆ, ಹಣ್ಣಿಗೆ ಹಕ್ಕಿಯೂ ಬರುತ್ತದೆ. ತೊಂದರೆ ಅದೇ. ಹಕ್ಕಿ ಬೀಜ ಒಯ್ದು ಕಾಡಿಗೆ ಹಾಕುತ್ತದೆ, ಅಲ್ಲಿ ಅದು ಬೇರೆ ಗಿಡ ಏಳಲು ಬಿಡುವುದಿಲ್ಲ. ಆಫ್ರಿಕಾದಿಂದ ಬಂದ, ಬೆಂಕಿ ಬಣ್ಣದ ಹೂವಿನ ನೀರುಕಾಯಿ ಮರವೂ ಬೇಡ. ಅದರ ಹೂವಿನೊಳಗೆ ಮುಜಂಟಿಯಂಥ ಸಣ್ಣ ಜೇನುಗಳು ಸತ್ತು ಬಿದ್ದಿರುತ್ತವೆ. ಎರಡೂ ಲೋಕದ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ.

ಇನ್ನೊಂದು ಕಣ್ಣಿಗೆ ಕಾಣದ ಅಪಾಯ. ಕೆಲವು ಕೀಟನಾಶಕಗಳನ್ನು ಬುಡಕ್ಕೆ ಹಾಕಿದರೂ ಗಿಡ ಹೀರಿಕೊಂಡು ಪರಾಗಕ್ಕೂ ಮಕರಂದಕ್ಕೂ ಸೇರಿಸುತ್ತದೆ. ಇಮಿಡಾಕ್ಲೋಪ್ರಿಡ್ ಸೇರಿದಂತೆ ಇಂಥ ಮೂರು ಔಷಧಗಳನ್ನು ಬಯಲಲ್ಲಿ ಬಳಸುವುದನ್ನು ಐರೋಪ್ಯ ಒಕ್ಕೂಟ 2018ರಲ್ಲಿ ನಿಲ್ಲಿಸಿತು. ಒಂದೂ ಎಲೆ ಹುಳು ಮುಟ್ಟದ, ಮಿರಮಿರ ಮಿಂಚುವ ಗಿಡ ಕಂಡರೆ ಏನು ಹೊಡೆದಿದ್ದೀರಿ ಎಂದು ಕೇಳಿ.

ಕೊನೆಯದು: ನೆಡುವುದು, ಆಮೇಲೆ ಬಿಟ್ಟುಬಿಡುವುದು

ದೊಡ್ಡ ಗಿಡಕ್ಕಿಂತ ಎಳೆಯದು ಮೇಲು. ಕುಂಡ ಎತ್ತಿ ತಳ ನೋಡಿ. ಬೇರು ಸುರುಳಿ ಸುತ್ತಿಕೊಂಡಿದ್ದರೆ ಕೊಳ್ಳದೆ ನರ್ಸರಿಯಲ್ಲೇ ಬಿಟ್ಟು ಬನ್ನಿ.

ಪೊದೆಗಳನ್ನು ಒಂದು ಇಲ್ಲಿ, ಒಂದು ಅಲ್ಲಿ ನೆಡಬೇಡಿ. ತುಡುವೆ ಒಂದು ಸುತ್ತಿನಲ್ಲಿ ಹೆಚ್ಚಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಒಂದೇ ಗಿಡದ ನಾಲ್ಕೈದು ಒಟ್ಟಿಗಿದ್ದರೆ ಅದಕ್ಕೆ ಲಾಭ. ಹಿಂದೆ ಮರ, ಅದರ ಮುಂದೆ ಪೊದೆ, ಕಾಲಬುಡದಲ್ಲಿ ತುಳಸಿ, ಕಾಮಕಸ್ತೂರಿಯಂಥವು. ಬಿಸಿಲು ಬೀಳುವ ಕಡೆಗೆ ಹೂವು ಇರಲಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ.

ಆಮೇಲೆ ಕತ್ತರಿ ಕೆಳಗಿಡಿ. ಬೇಲಿಯನ್ನು ಪೆಟ್ಟಿಗೆ ಹಾಗೆ ಕತ್ತರಿಸಿದರೆ ಮೊಗ್ಗೂ ಹೋಗುತ್ತದೆ, ಹಣ್ಣೂ ಇಲ್ಲ. ಯಾರ ತಲೆ ಮೇಲೂ ಬೀಳದ ಜಾಗದಲ್ಲಿ ಒಂದು ಒಣಕೊಂಬೆ ಹಾಗೇ ಇರಲಿ. ಕುಟ್ರು ಅದರಲ್ಲಿ ಪೊಟರೆ ಕೊರೆಯುತ್ತದೆ, ದುಂಬಿಯೂ ಮನೆ ಮಾಡುತ್ತದೆ. ಒಂಟಿ ಜೇನುಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ನೆಲದೊಳಗೆ, ಅವಕ್ಕಾಗಿ ಒಂದು ಮೂಲೆಯ ಮಣ್ಣನ್ನು ಅಗೆಯದೆ, ಏನೂ ಮುಚ್ಚದೆ ಬಿಡಿ. ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ತೆಳ್ಳಗೆ ನೀರಿಡಿ, ಜೇನು ಮುಳುಗಬಾರದು. ನೀರು ದಿನಾ ಬದಲಿಸಿ.

ಯಾವುದು ಎಷ್ಟು ದಿನಕ್ಕೆ ಫಲ ಕೊಡುತ್ತದೆ ಎಂಬುದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ತುಳಸಿಗೆ ಎರಡು ಮೂರು ತಿಂಗಳು ಸಾಕು. ಬೀಜದಿಂದ ಎದ್ದ ನೇರಳೆಗೆ ಎಂಟು ಹತ್ತು ವರ್ಷ ಬೇಕು. ಎರಡನ್ನೂ ಒಂದೇ ದಿನ ನೆಡಿ. ಒಂದಕ್ಕೆ ಕಾಯುವಾಗ ಇನ್ನೊಂದರ ಹತ್ತಿರ ಕೂತಿರಬಹುದು.

ನನ್ನ ಸುತ್ತುದಾಸವಾಳ ಈಗಿಲ್ಲ, ಆ ಜಾಗದಲ್ಲಿ ಒಂಟಿ ಎಸಳಿನದು ಇದೆ. ಬೋಗನ್‌ವಿಲ್ಲಾವನ್ನೂ ಕಿತ್ತು ಹಾಕಲು ಒಂದು ದಿನ ಕತ್ತರಿ ಹಿಡಿದು ಹೋಗಿದ್ದೆ. ಮುಳ್ಳಿನ ನಡುವೆ ಪಿಕಳಾರದ ಗೂಡು, ಒಳಗೆ ಮೂರು ಮೊಟ್ಟೆ. ಬೆಕ್ಕಿಗೆ ಎಟುಕದಂಥ ಜಾಗ ನೋಡಿಯೇ ಕಟ್ಟಿತ್ತು. ಹಾಳೆಯ ಹೂವಿನ ಸಾಲಿನಲ್ಲೂ ಹಣ್ಣಿನ ಸಾಲಿನಲ್ಲೂ ಅದಕ್ಕೆ ಜಾಗ ಇರಲಿಲ್ಲ. ಕೆಳಗೆ ಮೂರನೆಯ ಸಾಲು ಎಳೆದು 'ಗೂಡು' ಎಂದು ಬರೆದೆ.